ತಾತನ ರಿವಾಲ್ವರ್ ಯಾರಿಗೆ? ಅಮ್ಮನ ಸಹಿಗೆ ಕಾದಿರುವ ಒಂದು ಕಾಗದ

ಲಿಂಗರಾಜಪುರದ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಹಾಲ್‌ನಲ್ಲಿ ಒಂದು ಸಾಲು ಇಡುತ್ತಿದ್ದೆವು. ಅಮ್ಮನ ಹೊಲಿಗೆ ಮಿಷನ್ನು, ಮಾವನ ಬೈಕಿನ ಕೀ, ನನ್ನ ಲ್ಯಾಪ್‌ಟಾಪು, ಅಡುಗೆಮನೆಯ ಈಳಿಗೆಮಣೆ. ಸಾಲಿನ ತುದಿಗೆ, ಮಡಚಿದ ಕೆಂಪು ಬಟ್ಟೆಯ ಮೇಲೆ, ತಾತನ ರಿವಾಲ್ವರ್. ಎಲ್ಲದಕ್ಕೂ ಒಂದೇ ಅರಿಶಿನ, ಒಂದೇ ಕುಂಕುಮ. ಒಂದು ಸಲ ಆ ಫೋಟೊವನ್ನು ಯೋಚಿಸದೆ ಸ್ಟೇಟಸ್‌ಗೆ ಹಾಕಿಬಿಟ್ಟೆ. ಐದು ನಿಮಿಷದಲ್ಲಿ ಗೆಳತಿಯ ಮೆಸೇಜು: "ಏನೇ ಇದು, ನಿಮ್ಮನೇಲಿ ಗನ್ ಇದ್ಯಾ? ನೀನು ಫ್ರೀಡಂ ಪಾರ್ಕಿಗೆಲ್ಲ ಬರೋಳು!"

ಫೋಟೊ ತೆಗೆದುಹಾಕಿದೆ. ಪ್ರಶ್ನೆ ಮಾತ್ರ ಉಳಿಯಿತು. ಈಗ ತಾತ ಇಲ್ಲ. 93ನೇ ವಯಸ್ಸಿಗೆ ಹೋದರು. ರಿವಾಲ್ವರ್ ಒಬ್ಬ ಲೈಸೆನ್ಸ್ ಪಡೆದ ಅಂಗಡಿಯವರ ತಿಜೋರಿಯಲ್ಲಿದೆ. ಅದು ಮಾವನ ಹೆಸರಿಗೆ ಹೋಗಬೇಕಾದರೆ ಅಮ್ಮ ಒಂದು ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಬೇಕು. ಅಮ್ಮ ಹಾಕಿಲ್ಲ. ಈ ಕಾರಣಕ್ಕೆ ನಾನು ಮೂರು ತಿಂಗಳಿಂದ ಶಸ್ತ್ರಾಸ್ತ್ರ ಕಾಯ್ದೆ ಓದುತ್ತಾ ಕೂತಿದ್ದೇನೆ. ಓದಿದ್ದನ್ನು ನಿಮಗೂ ಹೇಳೋಣ ಅನ್ನಿಸಿತು. ಯಾಕಂದರೆ ಹಳೆ ರಿವಾಲ್ವರ್ ಅಂದರೆ ಶ್ರೀಮಂತರ ಶೋಕಿ, ನಮಗೇನು ಅಂತ ನಾನೂ ಅಂದುಕೊಂಡಿದ್ದೆ. ಅಷ್ಟೇ ಅಲ್ಲ ಅದು.

ಮೊದಲು ವಸ್ತುವಿನ ಬಗ್ಗೆ. ತಾತ ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸುಬೇದಾರ್ ಆಗಿದ್ದವರು. (ಬಂಕರ್ ಮುಂದಿನ ಮುಳ್ಳುತಂತಿ ಬೇಲಿಯನ್ನು ಸಿಡಿಸಲು ಪ್ರಪಂಚದ ಸೈನ್ಯಗಳೆಲ್ಲ ಬಳಸಿದ 'ಬ್ಯಾಂಗಲೋರ್ ಟಾರ್ಪಿಡೊ' 1912ರಲ್ಲಿ ಹುಟ್ಟಿದ್ದು ಅದೇ ಪಡೆಯಲ್ಲಿ. ಈ ಕತೆಯನ್ನು ತಾತ ಹೇಳದ ಮದುವೆಮನೆ ಇರಲಿಲ್ಲ.) 1971ರಲ್ಲಿ ನಿವೃತ್ತಿಯಾಗಿ ಇಲ್ಲಿ ಮನೆ ಕಟ್ಟಿದಾಗ, ಆಸ್ಟ್ರೇಲಿಯಾಕ್ಕೆ ಹೊರಟು ನಿಂತಿದ್ದ ಪಕ್ಕದ ಬೀದಿಯ ಆಂಗ್ಲೋ-ಇಂಡಿಯನ್ ಕುಟುಂಬವೊಂದು ಪಿಯಾನೊ, ಊಟದ ಮೇಜು, ಈ ರಿವಾಲ್ವರ್ ಎಲ್ಲವನ್ನೂ ಮಾರುತ್ತಿತ್ತು. ತಾತ ಲೈಸೆನ್ಸ್ ಮಾಡಿಸಿ ಅದನ್ನು ಕೊಂಡರು. ಮೇಜನ್ನೂ ಕೊಂಡರು. ಈ ಲೇಖನ ಬರೆಯುತ್ತಿರುವುದು ಅದರ ಮೇಲೆಯೇ.

ಅದು ವೆಬ್ಲಿ ಆ್ಯಂಡ್ ಸ್ಕಾಟ್ ಕಂಪನಿಯ .32 ರಿವಾಲ್ವರ್, ಮಾರ್ಕ್ 4. ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ್ದು. ಮೈಮೇಲೆ ರೆಕ್ಕೆಯಿರುವ ಗುಂಡಿನ ಮುದ್ರೆ. ಆರು ತೋಟಾ ಹಿಡಿಯುವ ಸಿಲಿಂಡರ್. ಹ್ಯಾಮರ್ ಪಕ್ಕದ ಲ್ಯಾಚ್ ಒತ್ತಿದರೆ ಇಡೀ ನಳಿಕೆ ಮುಂದಕ್ಕೆ ಬಾಗಿ, ಖಾಲಿ ತೋಟಾಗಳೆಲ್ಲ ಒಟ್ಟಿಗೆ ಮೇಲೆದ್ದು ಬೀಳುತ್ತವೆ. ಎರಡು ರೀತಿ ಹೊಡೆಯಬಹುದು. ಹೆಬ್ಬೆರಳಲ್ಲಿ ಹ್ಯಾಮರ್ ಹಿಂದಕ್ಕೆಳೆದು ನಿಲ್ಲಿಸಿದರೆ ಟ್ರಿಗರ್ ಹಗುರ, ಗುರಿ ಚೆನ್ನಾಗಿ ಬೀಳುತ್ತದೆ. ಬರೀ ಟ್ರಿಗರ್ ಎಳೆದರೆ ಅದೇ ಹ್ಯಾಮರನ್ನು ಎತ್ತಿ, ಸಿಲಿಂಡರನ್ನೂ ತಿರುಗಿಸಿ, ಹೊಡೆಯುತ್ತದೆ. ಆಗ ಎಳೆತ ಉದ್ದ, ಭಾರ. ನಾನು ಹತ್ತು ವರ್ಷದವಳಿದ್ದಾಗ ತಾತ ಒಂದು ರೇಂಜಿನಲ್ಲಿ ಆರು ಗುಂಡು ಹೊಡೆದದ್ದನ್ನು ಗೆರೆಯ ಹಿಂದೆ ನಿಂತು ನೋಡಿದ್ದೆ. ಐದು ಕಾಗದಕ್ಕೆ ತಾಗಿದವು. ಮನೆಗೆ ಬಂದು ಎರಡು ಗಂಟೆ ಒರೆಸಿದರು. "ಹೊಡೆಯೋದು ನಿಮಿಷದ ಕೆಲಸ, ಒರೆಸೋದೇ ವಿದ್ಯೆ" ಅನ್ನೋರು. ಎಣ್ಣೆ ಹಚ್ಚಿ ಒರೆಸುವಾಗ ಪಕ್ಕ ಕೂತಿರುತ್ತಿದ್ದುದು ಅಮ್ಮ, ಮಾವ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೆ ರಿವಾಲ್ವರ್ ಹೊಡೆಯುವವರು ಮೊದಲು ನೋಡುವುದು ಹೊಳಪನ್ನಲ್ಲ. ಹ್ಯಾಮರ್ ಎತ್ತಿದಾಗ ಸಿಲಿಂಡರಿನ ತೂತು ನಳಿಕೆಗೆ ಸರಿಯಾಗಿ ಎದುರು ನಿಲ್ಲುತ್ತದೆಯೇ, ನಿಂತಮೇಲೆ ಅಲ್ಲಾಡುತ್ತದೆಯೇ ಎನ್ನುವುದನ್ನು. ಕೂದಲೆಳೆ ಆಚೀಚೆ ಆದರೂ ಗುಂಡಿನ ಅಂಚು ಸವೆದು ಸೀಸದ ಚೂರು ಪಕ್ಕಕ್ಕೆ ಚಿಮ್ಮುತ್ತದೆ. ಎರಡನೆಯದು, ತೋಟಾ. ಹಳೆ ಲೋಹಕ್ಕೆ ಕಡಿಮೆ ಒತ್ತಡದ, ಸರಿಯಾದ ಅಳತೆಯ ತೋಟಾ ಬೇಕು. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಉಧಮ್ ಸಿಂಗ್ ಮೈಕಲ್ ಓಡ್ವಯರ್‌ನನ್ನು ಕೊಂದದ್ದು ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರಿನಲ್ಲಿ. ಅವರ ಬಳಿಯಿದ್ದ ತೋಟಾಗಳು ಹಳೆಯವು, ಆ ನಳಿಕೆಗೆ ಸಣ್ಣವು. ವೇದಿಕೆಯ ಮೇಲಿದ್ದ ಉಳಿದವರು ಗಾಯದಲ್ಲಿ ಬದುಕಿಕೊಂಡರು. ನಮ್ಮಲ್ಲಿ .32 ಇಟ್ಟವರ ಪುಣ್ಯ, ಸರ್ಕಾರಿ ಕಾರ್ಖಾನೆಯ 'ಕೆಎಫ್' ತೋಟಾ ಅದಕ್ಕೆ ಹೊಂದುತ್ತದೆ.

ಇನ್ನು, ಈ ವಸ್ತು ನಿರಪರಾಧಿಯಲ್ಲ. ಕಲೆಕ್ಟರುಗಳು ಅದರ ನೀಲಿ ಹೊಳಪಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಹುಟ್ಟಿನ ಬಗ್ಗೆ ಕಡಿಮೆ. ಬ್ರಿಟಿಷ್ ಸೈನ್ಯ 1887ರಲ್ಲಿ .455 ಅಳತೆಯ ವೆಬ್ಲಿಯನ್ನು ಅಧಿಕೃತವಾಗಿ ತೆಗೆದುಕೊಂಡಿತು. ಸಾಮ್ರಾಜ್ಯದ ಅಧಿಕಾರಿಗಳ ಸೊಂಟದಲ್ಲಿ ಮುಂದಿನ ಅರ್ಧ ಶತಮಾನ ಕೂತಿದ್ದು ಇದೇ ಮನೆತನದ ಆಯುಧ. 1898ರಲ್ಲಿ ಅದಕ್ಕೊಂದು ಹೊಸ ಗುಂಡು ಬಂತು. ಮೂತಿ ಟೊಳ್ಳು, ಮೈಯೊಳಗೆ ಹೊಕ್ಕರೆ ಅರಳಿಕೊಳ್ಳುವಂಥದ್ದು. ಹೆಸರೇ 'ಮ್ಯಾನ್‌ಸ್ಟಾಪರ್'. ಅದರ ಅಣ್ಣ, ಕಲ್ಕತ್ತೆ ಹತ್ತಿರದ ಡಂಡಂ ಕಾರ್ಖಾನೆಯ ಗುಂಡು, ಊರ ಹೆಸರಲ್ಲೇ ಜಗತ್ತಿಗೆ ಗೊತ್ತು. 1899ರಲ್ಲಿ ಹೇಗ್ ಸಮ್ಮೇಳನ ಅರಳುವ ಗುಂಡು ಬೇಡ ಎಂದಾಗ ವಿರೋಧಿಸಿದವರಲ್ಲಿ ಬ್ರಿಟನ್ ಒಂದು. ಆ ಗುಂಡುಗಳನ್ನು ಮಾಡಿದ್ದು ಯಾರ ಮೇಲೆ ಹಾರಿಸಲು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಅದೇ ಹೊತ್ತಿಗೆ ಆ 'ಯಾರ' ಕೈಯಿಂದ ಆಯುಧ ಕಸಿಯುವ ಕೆಲಸವೂ ನಡೆದಿತ್ತು. ನಮ್ಮ ನಾಡಿನ ಮಕ್ಕಳಿಗೆ ಇದು ಲಾವಣಿಯಲ್ಲೇ ಗೊತ್ತು. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಊರಿಗೆ ದಂಡು ನುಗ್ಗಿತು, ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಸೆರೆಸಿಕ್ಕ ಹಲವರನ್ನು ನೇಣಿಗೇರಿಸಿದರು. ಬೇಟೆಗಾರನಿಗೆ ಆಯುಧ ಅಂದರೆ ಊಟ. ಲೈಸೆನ್ಸ್ ಎನ್ನುವ ಕಾಗದ ನಮ್ಮ ಬದುಕಿನೊಳಗೆ ಬಂದದ್ದು ಹೀಗೆ.

1878ರಲ್ಲಿ ವೈಸ್‌ರಾಯ್ ಲಿಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂತು. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ ಕಾನೂನು ಬಂದದ್ದೂ ಅದೇ ವರ್ಷ, ಅದೇ ಲಿಟನ್. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ಕಾಂಗ್ರೆಸ್ ವರ್ಷ ವರ್ಷ ಇದರ ವಿರುದ್ಧ ನಿರ್ಣಯ ಮಾಡಿತು. 1931ರ ಕರಾಚಿ ನಿರ್ಣಯದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಅಹಿಂಸೆಯ ಪಕ್ಷದ ಪಟ್ಟಿ ಅದು! ಆಮೇಲೆ ಸಂವಿಧಾನ ಸಭೆಯಲ್ಲಿ, 1948ರ ಡಿಸೆಂಬರಿನಲ್ಲಿ, ಮಂಗಳೂರಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅದನ್ನೇ ಸಂವಿಧಾನದೊಳಗೆ ತರಲು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಪ್ರತಿಯೊಬ್ಬರೂ ಅಂಗಡಿಗೆ ಹೋಗಿ ಅಡೆತಡೆಯಿಲ್ಲದೆ ಆಯುಧ ಕೊಳ್ಳುವಂತಾದರೆ ರಾಜ್ಯ ಆಡಳಿತ ನಡೆಸುವುದಾದರೂ ಹೇಗೆ ಎಂಬ ಅರ್ಥದ ಮಾತು ಅವರದು. ಈ ಚರ್ಚೆ ಓದಿದಾಗ ನಾನು ಪೂರ್ತಿ ಅಂಬೇಡ್ಕರ್ ಕಡೆ. ಆದರೆ ಹಕ್ಕು ಬೇಡ ಅಂದಮೇಲೆ ಉಳಿದದ್ದು ಏನು ಹೇಳಿ? ಪರವಾನಗಿ. ಪರವಾನಗಿ ಅಂದರೆ ಅಧಿಕಾರಿಯ ವಿವೇಚನೆ. ವಿವೇಚನೆ ಅಂದರೆ ಯಾರ ಮುಖ ನೋಡಿ ಎನ್ನುವ ಪ್ರಶ್ನೆ. ಕಾಫಿ ತೋಟ, ಕ್ರಷರ್, ಪಕ್ಷದ ಹುದ್ದೆ ಇರುವವರಿಗೆ 'ಜೀವಭಯ' ಬೇಗ ಸಾಬೀತಾಗುತ್ತದೆ. ಊರಿನ ಕೆರೆ ನೀರಿಗೆ ಕೈಹಾಕಿ ಏಟು ತಿಂದ ದಲಿತ ಹುಡುಗನ ಜೀವಭಯ ಯಾವ ಅರ್ಜಿಯ ಯಾವ ಕಾಲಂನಲ್ಲಿ ಬರುತ್ತದೆ?

ಸ್ವತಂತ್ರ ಭಾರತದ ಕಾಯ್ದೆ 1959ರದ್ದು, ನಿಯಮ 1962ರವು. ಅಟ್ಟದ ಮೇಲಿನ ಟ್ರಂಕಿನಲ್ಲಿ ಮುತ್ತಾತನ ರಿವಾಲ್ವರ್ ಸಿಕ್ಕಿತು ಎನ್ನುವವರು ಮುಗ್ಗರಿಸುವುದು ಇಲ್ಲೇ. ಆ ನಿಯಮಗಳ ಪ್ರಕಾರ .380 ಮತ್ತು .455 ಅಳತೆಯ ಸೇನಾ ತೋಟಾ ಹಿಡಿಯುವ ಯಾವುದೇ ರಿವಾಲ್ವರ್ 'ನಿಷೇಧಿತ' ವರ್ಗ. ಅಂದರೆ ಸೇನೆಯ ಹೆಸರಾಂತ ವೆಬ್ಲಿಗಳೆಲ್ಲ ಅದರೊಳಗೆ ಬಂದವು. ಮಿಷನ್ ಗನ್ ಕೂತ ಪಟ್ಟಿಯಲ್ಲೇ ಬಾಗಿ ತೆರೆಯುವ ಈ ಮುದುಕನೂ ಕೂತಿದ್ದಾನೆ. ಅದಕ್ಕೆ ಲೈಸೆನ್ಸ್ ಕೊಡಬೇಕಾದದ್ದು ನಮ್ಮ ಪೊಲೀಸ್ ಕಮಿಷನರ್ ಅಲ್ಲ, ದಿಲ್ಲಿಯ ಗೃಹ ಸಚಿವಾಲಯ. ತಾತನದು ನಾಗರಿಕರಿಗೆಂದೇ ಮಾಡಿದ .32, ಬಚಾವ್.

ಹಾಗಾದರೆ 'ಆ್ಯಂಟಿಕ್' ಎನ್ನುವುದಕ್ಕೆ ಬೆಲೆಯೇ ಇಲ್ಲವೇ? ಕಾಯ್ದೆಯ 45ನೇ ಸೆಕ್ಷನ್ ಹಳೆ ಮಾದರಿಯ, ಪುರಾತನ ಮೌಲ್ಯದ, ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ಒಂದು ಷರತ್ತಿನ ಮೇಲೆ. ರಿಪೇರಿ ಮಾಡಿಯೂ ಅದರಿಂದ ಗುಂಡು ಹಾರಿಸಲು ಆಗಬಾರದು. ಅಮೆರಿಕದ 1968ರ ಕಾನೂನಿಗೆ ವರ್ಷ ಮುಖ್ಯ, 1898 ಅಥವಾ ಅದಕ್ಕೂ ಮೊದಲು ತಯಾರಾಗಿದ್ದರೆ ಅದು 'ಆ್ಯಂಟಿಕ್'. ಬ್ರಿಟನ್ 1996ರಲ್ಲಿ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡ ಕಂಡು ಮರುವರ್ಷ ಕೈಬಂದೂಕುಗಳನ್ನೇ ಹೆಚ್ಚುಕಡಿಮೆ ನಿಷೇಧಿಸಿತು. ಆದರೂ ಚಾರಿತ್ರಿಕ ಮಹತ್ವದ ರಿವಾಲ್ವರುಗಳಿಗೆ ಕಿಂಡಿ ಬಿಟ್ಟಿತು. ಅಂಥವನ್ನು ಗೊತ್ತುಮಾಡಿದ ಜಾಗದಲ್ಲಿ ಇಟ್ಟು, ಅಲ್ಲೇ ಹೋಗಿ ಹೊಡೆಯಬಹುದು. ನಮಗೆ ವಯಸ್ಸೂ ಮುಖ್ಯವಲ್ಲ, ಚರಿತ್ರೆಯೂ ಮುಖ್ಯವಲ್ಲ. ಜೀವ ಇದೆಯೋ ಸತ್ತಿದೆಯೋ, ಅಷ್ಟೇ.

2020ರ ಫೆಬ್ರವರಿಯಲ್ಲಿ ಕೇಂದ್ರ ಇದನ್ನು ಸ್ವಲ್ಪ ಸಡಿಲಿಸಿತು. 'ಕ್ಯೂರಿಯೊ' ವರ್ಗದ ಸಣ್ಣ ಆಯುಧಗಳನ್ನು ಕೊಳ್ಳಲು, ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಬಳಸಲು, ಹೊತ್ತು ತಿರುಗಲು, ಸಾಗಿಸಲು ಬೇಕು. ಲೈಸೆನ್ಸಿನಲ್ಲಿ ನಮೂದಾಗದಿದ್ದರೆ ತೋಟಾ ಮಾರುವಂತಿಲ್ಲ. ನನಗೆ ಇಷ್ಟವಾದ ನಿಯಮ ಇದು. ವಸ್ತುವನ್ನೂ ತೋಟಾವನ್ನೂ ಬೇರೆ ಬೇರೆ ಮಾಡಿ ನೋಡುವ ಬುದ್ಧಿ ಅದರಲ್ಲಿದೆ. ಆದರೆ ನಮ್ಮ ರಿವಾಲ್ವರಿಗೆ ಇದು ಸಿಗಲಿಲ್ಲ. ಲೈಸೆನ್ಸ್ ಇರುವ, ಚಾಲ್ತಿಯಲ್ಲಿರುವ ಆಯುಧ ಕ್ಯೂರಿಯೊ ಆಗಲ್ಲ ಅಂತ ಹೇಳಿ ಕಳಿಸಿದರು.

ಅದಕ್ಕೂ ಎರಡು ತಿಂಗಳ ಮುಂಚೆ, 2019ರ ಡಿಸೆಂಬರಿನಲ್ಲಿ, ಸಂಸತ್ತು ಇನ್ನೊಂದು ಬಾಗಿಲು ಮುಚ್ಚಿತ್ತು. ಮೊದಲು ಒಬ್ಬರು ಮೂರು ಬಂದೂಕು ಇಡಬಹುದಿತ್ತು, ಅದು ಎರಡಾಯಿತು. ಮಸೂದೆಯಲ್ಲಿದ್ದದ್ದು ಒಂದೇ, ಗಲಾಟೆಯಾಗಿ ಎರಡಕ್ಕೆ ನಿಂತಿತು. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರೊಳಗೇ ಲೆಕ್ಕ. ಮದುವೆ, ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಎನ್ನುವ ಒಳ್ಳೆ ಕಲಮೂ ಅದರಲ್ಲೇ ಇದೆ. ಅಂತರರಾಷ್ಟ್ರೀಯ ಪದಕ ಗೆದ್ದ ಶೂಟರುಗಳಿಗೆ ಬೇರೆ ಲೆಕ್ಕ, ಅವರು ಹೆಚ್ಚುವರಿಯಾಗಿ ಹನ್ನೆರಡರವರೆಗೆ ಇಡಬಹುದು. ಆದರೆ ಬರೀ ಸಂಗ್ರಹಕಾರ ಎನ್ನುವ ಪ್ರಾಣಿ ಎರಡರಲ್ಲೇ ಮುಗಿಸಬೇಕು. ಹತ್ತು ಹಳೆ ರಿವಾಲ್ವರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಇಂಗ್ಲಿಷ್ ಪುಸ್ತಕದ ಕಲೆಕ್ಟರ್ ನಮ್ಮಲ್ಲಿ ಇರುವುದಾದರೆ ಸತ್ತ ಆಯುಧಗಳ ಜೊತೆಗೇ ಇರಬೇಕು.

ಮತ್ತೆ ಈ ಹಳೇ ಕಬ್ಬಿಣಕ್ಕೆ ಲಕ್ಷಗಳಲ್ಲಿ ಬೆಲೆ ಯಾಕೆ? ನಾಸ್ಟಾಲ್ಜಿಯಾ ಅಂತ ನಾನು ತಿಳಿದಿದ್ದೆ. ಅಲ್ಲ. 1980ರ ದಶಕದ ನಡುವಿನಿಂದ ಖಾಸಗಿ ಜನ ವಿದೇಶಿ ಬಂದೂಕು ತರಿಸುವುದು ಹೆಚ್ಚುಕಡಿಮೆ ಬಂದ್ ಆಯಿತು. ಒಳಗಿರುವ ಹಳೆ ವಿದೇಶಿ ಮಾಲು ಕೈಯಿಂದ ಕೈಗೆ ಹೋಗುತ್ತಾ ಚಿನ್ನವಾಯಿತು. ಬದಲಿಗೆ ಸಿಗುತ್ತಿದ್ದದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಅದನ್ನು ಬಿಚ್ಚಿ ನೋಡಿದರೆ ವೆಬ್ಲಿ ಮಾರ್ಕ್ 4ರ ಮಗ. 2014ರಲ್ಲಿ ಮಹಿಳೆಯರಿಗೆಂದು 'ನಿರ್ಭೀಕ್' ಅಂತ ಹಗುರ ರಿವಾಲ್ವರ್ ಬಿಟ್ಟರಲ್ಲ, ಸುಮಾರು 1.22 ಲಕ್ಷ ರೂಪಾಯಿಗೆ, ಅದೂ ಇದೇ ವಂಶ. ದಿಲ್ಲಿಯ ಹುಡುಗಿಯ ಹೆಸರಿನ ನೆರಳಲ್ಲಿ, ಬಸ್ಸಿನಲ್ಲಿ ಓಡಾಡುವ ಯಾವ ಹುಡುಗಿಯೂ ಕೊಳ್ಳಲಾಗದ ಬೆಲೆಗೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನಗೇ ಮೋಸ ಮಾಡಿಕೊಂಡಂತೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ನಮ್ಮದೇ ಊರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು 7.65 ಎಂಎಂ ನಾಡಪಿಸ್ತೂಲಿನಿಂದ ಎಂದು ತನಿಖೆ ಹೇಳಿತು. ಅದಕ್ಕೆ ಲೈಸೆನ್ಸೂ ಇರಲಿಲ್ಲ, ಯುಐಎನ್ ನಂಬರೂ ಇರಲಿಲ್ಲ. 7.65 ಅಂದರೆ ಇಂಚಿನ ಲೆಕ್ಕದಲ್ಲಿ .32. ತಾತನ ತೋಟಾ ಬೇರೆ ಜಾತಿಯದು, ಆದರೆ ಅಳತೆ ಹೆಚ್ಚುಕಡಿಮೆ ಅದೇ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 'ಲೈಸೆನ್ಸ್ ಆಯುಧ ಕೊಲ್ಲಲ್ಲ, ಕಳ್ಳಪಿಸ್ತೂಲು ಕೊಲ್ಲುತ್ತೆ' ಅಂತ ಗನ್ ಪ್ರಿಯರು ಹೇಳುವುದುಂಟು. ಅರ್ಧ ನಿಜ. ಮನೆಯೊಳಗೆ, ಕುಡಿದ ರಾತ್ರಿಗಳಲ್ಲಿ, ಗಂಡ ಹೆಂಡತಿಯ ನಡುವೆ ಲೈಸೆನ್ಸಿನ ಕಾಗದ ಅಡ್ಡ ಬಂದು ನಿಲ್ಲುವುದಿಲ್ಲ.

ಕೊಡಗಿನವರು ಕೇಳಬಹುದು, ನಮ್ಮ ಕತೆ ಏನು ಅಂತ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಆಟ ನೋಡಿದವರಿಗೆ ಅಲ್ಲಿ ಆಯುಧ ಊರೊಟ್ಟಿನ ಬದುಕಿನ ಭಾಗ ಎಂದು ಅರ್ಥವಾಗುತ್ತದೆ. ಆದರೆ ಅದು ಹುಟ್ಟಿದ ಸಮುದಾಯ ನೋಡಿ ಕೊಟ್ಟ ಸವಲತ್ತೂ ಹೌದು. ಹಲಗಲಿಯವರಿಗೆ ನೇಣು, ಬ್ರಿಟಿಷರಿಗೆ ನಿಷ್ಠರೆನಿಸಿಕೊಂಡವರಿಗೆ ವಿನಾಯಿತಿ. ಎರಡನ್ನೂ ಕೊಟ್ಟ ಕೈ ಒಂದೇ.

ಈಗ ಮಾವನ ವಿಷಯ. 2016ರ ನಿಯಮದ ಪ್ರಕಾರ ಲೈಸೆನ್ಸ್‌ದಾರ ತೀರಿಕೊಂಡರೆ ವಾರಸುದಾರರು ಅರ್ಜಿ ಹಾಕಬಹುದು. (ಬದುಕಿದ್ದಾಗಲೇ, 70 ವರ್ಷ ತುಂಬಿದರೆ ಅಥವಾ ಆಯುಧ 25 ವರ್ಷ ಇಟ್ಟುಕೊಂಡಿದ್ದರೆ, ವರ್ಗಾಯಿಸಲೂಬಹುದು. ತಾತ ಯಾಕೆ ಮಾಡಲಿಲ್ಲ ಅಂತ ಈಗ ಯೋಚಿಸುತ್ತೇನೆ.) ಅಲ್ಲಿವರೆಗೆ ಆಯುಧವನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಒಪ್ಪಿಸಿಡಬೇಕು. ಅವಧಿ ಮೀರಿದರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಅಮ್ಮ ವಿಚಾರಿಸಲು ಹೋದ ಕಚೇರಿಯೊಂದರಲ್ಲಿ ಮೊದಲು ಕೇಳಿದ್ದು, "ಗಂಡು ಮಕ್ಕಳು ಯಾರೂ ಇಲ್ವಾಮ್ಮ?"

ಇದ್ದಾರೆ. ಮಾವ ಇದ್ದಾರೆ. ತಾತ ಇದ್ದಾಗ ಒಂದು ದಿನವೂ ಅದನ್ನು ಮುಟ್ಟದ ಮಾವನಿಗೆ ಈಚೆಗೆ ಅದು ಬೇಕಾಗಿದೆ. "ಕಾಲ ಸರಿ ಇಲ್ಲ ಕಣಕ್ಕ, ಸುತ್ತ ಯಾರ‍್ಯಾರು ಬಂದು ಸೇರ್ಕೊಂಡಿದಾರೆ ನೋಡು" ಅನ್ನುತ್ತಾರೆ. ಫ್ಲೈಓವರ್ ಕೆಳಗಿಂದ ಹಚಿನ್ಸ್ ರೋಡಿನವರೆಗೆ ನಮ್ಮ ಸುತ್ತ ಇರುವವರು ಐವತ್ತು ವರ್ಷದಿಂದ ಅದೇ ತಮಿಳರು, ಅದೇ ಕ್ರಿಶ್ಚಿಯನ್ನರು, ಅದೇ ಮುಸ್ಲಿಮರು, ಅದೇ ನಾವು. ಬದಲಾದದ್ದು ಮಾವನ ಫೋನಿಗೆ ಬರುವ ವಿಡಿಯೊಗಳು.

"ಮ್ಯೂಸಿಯಂಗೆ ಕೊಟ್ಬಿಡೋಣಮ್ಮ, ಇಲ್ಲಾಂದ್ರೆ ಸರೆಂಡರ್ ಮಾಡೋಣ" ಅಂದೆ. ನನ್ನ ಓದೆಲ್ಲ ಬಂದು ನಿಂತದ್ದು ಅಲ್ಲಿಗೇ. ಅಮ್ಮ ಬಟಾಣಿ ಬಿಡಿಸುತ್ತಿದ್ದಳು. ತಲೆ ಎತ್ತದೆ, "ಅಪ್ಪ ಅದನ್ನ ಬಿಚ್ಚಿ ಜೋಡಿಸೋದು ಕಲ್ಸಿದ್ದು ನಂಗೆ. ಅವ್ನಿಗ್ಯಾಕೆ ನಾನು ಸಹಿ ಹಾಕ್ಬೇಕು? ಅವ್ನೇ ನಂಗೆ ಹಾಕ್ಲಿ" ಅಂದಳು.

"ನಿನಗ್ಯಾಕಮ್ಮ ಗನ್ನು?"

"ತೋಟಾ ಬೇಡ ನಂಗೆ. ವರ್ಷಕ್ಕೊಂದ್ಸಲ ಒರೆಸ್ತೀನಿ."

ತೋಟಾವೇ ಕೊಳ್ಳದ ಲೈಸೆನ್ಸಿಗೆ ಜೀವಭಯದ ಕಾಲಂನಲ್ಲಿ ಏನು ಬರೆಯಬೇಕು ಅಂತ ಇಬ್ಬರಿಗೂ ಹೊಳೆದಿಲ್ಲ. ಕ್ಯೂರಿಯೊ ನಿಯಮವನ್ನು ಹಿಗ್ಗಿಸಿ, ಪಿತ್ರಾರ್ಜಿತ ಆಯುಧಗಳನ್ನು ತೋಟಾ ಇಲ್ಲದೆ, ಕೊಲ್ಲದೆ, ಲೆಕ್ಕದಲ್ಲಿಟ್ಟು ಉಳಿಸಿಕೊಳ್ಳುವ ಒಂದು ಸರಳ ದಾರಿ ಮಾಡಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ. ಅಮ್ಮನ ಹೆಸರಿನಲ್ಲಿ ಅರ್ಜಿ ತುಂಬಿದ್ದೇವೆ. ಮಾವನ ಸಹಿಯ ಜಾಗ ಖಾಲಿ. ಅವರು ಈ ಭಾನುವಾರ ಊಟಕ್ಕೆ ಬರುತ್ತಾರೆ. ಸೋಮವಾರ ಅಮ್ಮನ ಜೊತೆ ಹೋಗಲು ನಾನು ಅರ್ಧ ದಿನ ರಜೆ ಹಾಕಿದ್ದೇನೆ.